ಪೆಟ್ಟಿಗೆಗೆ ಮುಖ ಮಾಡಿದವನ ನೀತಿಪಾಠ

ಇದನ್ನು ಹೇಳಿಬಿಡಬೇಕೆಂದು ಕೂತಾಗಲೆಲ್ಲ ನನಗೆ ಏನಾದರೊಂದು ಕೆಲಸ ನೆನಪಾಗುತ್ತದೆ. ಕನ್ನಡಕ ಒರೆಸಬೇಕು, ನಲ್ಲಿ ಸೋರುತ್ತಿದೆಯೇ ನೋಡಬೇಕು. ಹೀಗೆ ವರ್ಷಗಳೇ ಕಳೆದವು. ಈಗಲೂ ಎರಡು ಸಲ ಎದ್ದು ಬಂದಿದ್ದೇನೆ. "ಕುಂತಲ್ಲೆ ಮುಳ್ಳ ಚುಚ್ಚಾಕತ್ತಾವೇನ್ರಿ ನಿಮಗ?" ಎಂದು ಹೆಂಡತಿ ಕೇಳಿದಳು. ಚುಚ್ಚುತ್ತಿರುವುದು ಏನೆಂದು ಅವಳಿಗೂ ಹೇಳಿಲ್ಲ.

ನಾನು ಹತ್ತನೆಯ ಇಯತ್ತೆಯವರೆಗೆ ಓದಿದವನು. ಐನಾಪುರದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಬಹಳ ಕಾಲ ಮುಕಾದಮನಾಗಿದ್ದೆ. ಹೆಂಗಸರು ಸಾಲಾಗಿ ಕೂತು ದ್ರಾಕ್ಷಿ ಆರಿಸುವುದು, ನಾನು ಕೈಕಟ್ಟಿಕೊಂಡು ಅವರ ಹಿಂದೆ ಓಡಾಡುವುದು. ನಮ್ಮ ಶೆಡ್ಡಿನಲ್ಲಿ ಪೆಟ್ಟಿಗೆಗೆ ಮುಖ ಮಾಡುವುದು ಎಂಬ ರೂಢಿಯಿತ್ತು: ಉದ್ದನೆಯ ಹಸಿರು ದ್ರಾಕ್ಷಿ ಮೇಲೆ, ಕಪ್ಪಿಟ್ಟ ಸಣ್ಣವು ಕೆಳಗೆ. ಅದನ್ನು ಮೋಸ ಎಂದು ಯಾರೂ ಕರೆಯುತ್ತಿರಲಿಲ್ಲ. ಹೆಣ್ಣು ನೋಡಲು ಬರುವವರಿಗಾಗಿ ಪಕ್ಕದ ಮನೆಯ ಸೋಫಾ ತಂದಿಡುತ್ತೇವಲ್ಲ, ಅಷ್ಟೇ ಎಂದುಕೊಂಡಿದ್ದೆವು. ನಾನೇ ಇವತ್ತಿಗೂ ತಲೆಗೆ ಕಪ್ಪು ಬಳಿದುಕೊಳ್ಳದೆ ಹೊರಗೆ ಬೀಳುವುದಿಲ್ಲ.

ಒಮ್ಮೆ ತಾಸಗಾಂವ ಕಡೆಯ ಮರಾಠಿ ವ್ಯಾಪಾರಿಯೊಬ್ಬ ಬಂದ. ಎಲ್ಲರಂತೆ ಮೇಲೆ ಕೈಯಾಡಿಸುವುದು ಬಿಟ್ಟು, ಪೆಟ್ಟಿಗೆಯನ್ನೇ ತಾಡಪತ್ರಿಯ ಮೇಲೆ ಬೋರಲು ಹಾಕಿದ. ಬುಡದ ಕರಿ ದ್ರಾಕ್ಷಿಯೆಲ್ಲ ಮೇಲೆ ಬಂತು. "ಹೇ ಕಾಯ್? ಇದನ್ನ ಯಾರ ತುಂಬ್ಯಾರ?" ಎಂದ. ಮಾಲೀಕರು ನನ್ನತ್ತ ನೋಡಿದರು. ಬೆಳಿಗ್ಗೆ ಅದನ್ನು ತುಂಬಿದವನು ನಾನೇ. ಆದರೆ ನನ್ನ ಬೆರಳು ನನ್ನನ್ನು ಕೇಳದೆಯೇ ಸಾಲಿನ ಕೊನೆಗೆ ಕೂತಿದ್ದ ಹೆಂಗಸಿನ ಕಡೆ ತಿರುಗಿತು. ಆಕೆ ಮೊದಲು ಬೆರಳನ್ನು, ಆಮೇಲೆ ನನ್ನ ಮುಖವನ್ನು ನೋಡಿದಳು.

"ನಾ ಕಡ್ಡಿ ಆರಸಾಕಿರಿ. ಪೆಟಗಿ ಮುಟ್ಟಾಕಿ ಅಲ್ಲ."

ಅಂದೇ ಅವಳ ಕೆಲಸ ಹೋಯಿತು. ಇಂಥ ಮುಕಾದಮ ಇದ್ದರೆ ಕಣ್ಣು ಮುಚ್ಚಿ ಮಾಲು ಒಯ್ಯಬಹುದು ಎಂದು ವ್ಯಾಪಾರಿ ನನ್ನ ಬೆನ್ನು ತಟ್ಟಿದ. ನನಗೆ ಪ್ರಾಮಾಣಿಕ ಎಂಬ ಹೆಸರು ಅಂಟಿಕೊಂಡಿತು. ಅವಳಿಗೆ ಅಂಟಿದ ಹೆಸರಿನಿಂದ ಬೇರೆ ಯಾವ ಶೆಡ್ಡಿನವರೂ ಸೇರಿಸಿಕೊಳ್ಳಲಿಲ್ಲ. ಪಾಲಬಾವಿಯ ಅಣ್ಣನ ಮನೆ ಸೇರಿ ಕಂಡವರ ಕಬ್ಬಿನಲ್ಲಿ ಕಳೆ ತೆಗೆದಳು.

ನನ್ನ ಆ ಹೆಸರು ಕೇಳಿಯೇ ಈಗ ಬೆಳೆಗಾರರ ಸಂಘದವರು ಹೊಸ ಕೆಲಸಗಾರರಿಗೆ ವ್ಯಾಪಾರದ ನೀತಿ ಕಲಿಸಲು ನನ್ನನ್ನು ಕರೆಯುತ್ತಾರೆ. ಶಾಲು ಬೇರೆ ಹೊದಿಸುತ್ತಾರೆ. ಕಳೆದ ಪಾಠದಲ್ಲಿ ಒಬ್ಬ ತರುಣಿ ಎದ್ದು, "ಕಾಕಾ, ಮುಕಾದಮನೇ ಪೆಟಗಿಗೆ ಮುಖಾ ಮಾಡ್ರಿ ಅಂದ್ರ ನಾವೇನ್ ಮಾಡೂದ್ರಿ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನು ಒಂದು ಲೋಟ ನೀರನ್ನು ನಿಧಾನವಾಗಿ ಕುಡಿದು, ಸಮಯವಾಯಿತು ಎಂದು ಪಾಠ ಮುಗಿಸಿದೆ.

ಮರುದಿನವೇ ಪಾಲಬಾವಿಗೆ ಹೋದೆ. ಅವಳ ಹೊಸ್ತಿಲಲ್ಲಿ ಕೂತು ಮಳೆ, ಕಬ್ಬು, ಅವಳ ಮೊಣಕಾಲು ನೋವು ಎಲ್ಲವನ್ನೂ ವಿಚಾರಿಸಿದೆ. ತಪ್ಪಾಯಿತು ಎನ್ನುವುದೊಂದು ಬಿಟ್ಟು. ಚಹಾ ಕೊಟ್ಟಳು. ಕುಡಿದೆ. ಹೊರಡುವಾಗ ಅವಳೇ, "ಪಾಠಾ ಹೇಳಾಕತ್ತೀರಂತಲ್ರಿ ಮುಕಾದಮರ. ಚಲೋ ಹೇಳ್ತೀರಂತ," ಎಂದಳು. ಬಸ್ಸು ಬಂತು ಎಂದು ಓಡಿದೆ. ಬಸ್ಸು ಬಂದಿರಲಿಲ್ಲ.

ಮುಂದಿನ ಪಾಠದಲ್ಲಿ ಎಲ್ಲರ ಎದುರು ಹೇಳೋಣವೆಂದರೆ ನನ್ನ ಬಾಯಿಯನ್ನು ನಾನು ಚೆನ್ನಾಗಿ ಬಲ್ಲೆ. ಮತ್ತೆ ನೀರು ಕೇಳುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಪೆಟ್ಟಿಗೆ ತುಂಬಿದವನು ನಾನು. ಕೆಲಸ ಕಳೆದುಕೊಂಡವಳು ಶಾಂತವ್ವ.