ಮೇಷ್ಟ್ರ ಹೊಟ್ಟೆಗೆ ಹ್ಯಾಂಡ್ ಬ್ರೇಕು

ಡ್ರೈವಿಂಗ್ ಮೇಷ್ಟ್ರು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಹೊಟ್ಟೆ ಸವರಿಕೊಂಡು ಘೋಷಿಸಿದರು: "ಇವತ್ತಿಂದ ಈ ಹೊಟ್ಟೆ ನಾನು ಹೇಳಿದ ಹಾಗೆ ಕೇಳುತ್ತೆ ಕಣೇ! ಹೊಸ ಮಾತ್ರೆ ನುಂಗಿದೀನಿ!"

"ಒಂದೇ ಮಾತ್ರೆಗೆ ಇಷ್ಟು ಜಂಬಾನಾ?" ಹೆಂಡತಿ ಕೇಳಿದಳು. "ಹಿಡಿಯೋಕೆ ಸ್ವಲ್ಪ ದಿನ ಬೇಕು ಅಂತ ಡಾಕ್ಟ್ರು ಹೇಳಿರ್ಲಿಲ್ವಾ?"

"ಅದು ಸಾಮಾನ್ಯ ಜನಕ್ಕೆ!"

ಹೊಟ್ಟೆಯೂ ಸಾಮಾನ್ಯದ್ದಲ್ಲ ಬಿಡಿ. ಎಲ್ಲ ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು, "ಕರುಳಲ್ಲಿ ಏನೂ ದೋಷ ಇಲ್ಲ, ಸಿಡುಕು ಜಾಸ್ತಿ ಅಷ್ಟೆ" ಎಂದಿದ್ದರು. "ಯಜಮಾನ್ರದ್ದೇ ಬಂದಿದೆ" ಎಂದಿದ್ದಳು ಹೆಂಡತಿ. ಆ ಕರುಳಿನದು ಒಂದು ವಾರ ಓಟ, ಇನ್ನೊಂದು ವಾರ ಧರಣಿ. ಔಷಧಿ ಡಬ್ಬಿಗೆ ಮೇಷ್ಟ್ರು ತಮ್ಮ ಕಸುಬಿನ ಹೆಸರುಗಳನ್ನೇ ಇಟ್ಟಿದ್ದರು. ಓಟ ನಿಲ್ಲಿಸುವ ಮಾತ್ರೆ ಬ್ರೇಕು, ಧರಣಿ ಬಿಡಿಸುವ ಪುಡಿ ಆಕ್ಸಿಲರೇಟರು, ನುಲಿತಕ್ಕೆ ಕೊಟ್ಟದ್ದು ಕ್ಲಚ್ಚು. ಒಮ್ಮೆ ಗಾಬರಿಯಲ್ಲಿ ಮೊದಲೆರಡನ್ನೂ ಒಟ್ಟಿಗೇ ತೆಗೆದುಕೊಂಡು ಇಡೀ ದಿನ ಮಂಚದ ಮೇಲೆ ಹೊರಳಾಡಿದ್ದರು. "ಎರಡನ್ನೂ ಒಟ್ಟಿಗೆ ಒತ್ತಬೇಡ ಅಂತ ನನಗೆ ಬಯ್ತೀರಲ್ರೀ!" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವರು ಹಿಡಿದುಕೊಂಡದ್ದು ಬೇರೆ ಕಾರಣಕ್ಕೆ.

ಈ ಹೊಸ ಮಾತ್ರೆ ಮಾತ್ರ ಹ್ಯಾಂಡ್ ಬ್ರೇಕು! ಎಳೆದರೆ ಮುಗಿಯಿತು, ಗಾಡಿ ಅಲ್ಲಾಡುವಂತಿಲ್ಲ.

ಅಷ್ಟೊಂದು ಆಟೋಪಕ್ಕೆ ಕಾರಣವಿತ್ತು. ಅವತ್ತು ಹೆಂಡತಿಗೆ ಲೈಸೆನ್ಸ್ ಪರೀಕ್ಷೆ. ಹಿಂದೆ ಎರಡು ಸಲವೂ ಪರೀಕ್ಷೆಯ ನಡುವೆ ಹಿಂದಿನ ಸೀಟಿನಿಂದ ಮೇಷ್ಟ್ರು ಹೊಟ್ಟೆ ತಡೆಯಲಾರದೆ "ನಿಲ್ಸೇ!" ಎಂದು ಕಿರುಚಿ, ಅವಳು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲಿಸಿ ಫೇಲಾಗಿದ್ದಳು. ಲೈಬ್ರರಿಯವರು ಪುಸ್ತಕದ ವ್ಯಾನ್ ಓಡಿಸುವ ಕೆಲಸ ಕೊಡಲು ಒಪ್ಪಿದ್ದರು, ಆದರೆ ಲೈಸೆನ್ಸ್ ಇಲ್ಲದೆ ಇನ್ನು ಕಾಯುವುದಿಲ್ಲ ಎಂದೂ ಹೇಳಿದ್ದರು. ಅವಳಿಗೆ ಆ ವ್ಯಾನಿನ ಮೇಲೆ ಎಷ್ಟು ಆಸೆಯಿತ್ತೆಂದರೆ, ಎರಡನೇ ಸಲ ಫೇಲಾದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಅದನ್ನು ನೆನೆಸಿಕೊಂಡರೆ ಮೇಷ್ಟ್ರಿಗೆ ಈಗಲೂ ಕರುಳು ಚುರುಕ್ ಎನ್ನುತ್ತಿತ್ತು.

ಪರೀಕ್ಷೆಗೆ ಬಂದವರು ಹೊಸ ಇನ್ಸ್‌ಪೆಕ್ಟರು. ಬಿಗಿದ ಮುಖ, ಬಿಗಿದ ಬೆಲ್ಟು. ಮುಂದೆ ಕೂತು, "ನಡೀರಿ" ಎಂದರು. ಹೆಂಡತಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗಾಡಿ ಹೊರಡಿಸಿದಳು. ಮೇಷ್ಟ್ರ ಹೊಟ್ಟೆ ಗಪ್‌ಚಿಪ್! ಪೆಟ್ರೋಲ್ ಬಂಕ್ ಬಂತು. ಅವಳು ಇಂಡಿಕೇಟರ್ ಹಾಕಿ, ಒಳಗೆ ತಿರುಗಿಸಿ, ನಿಲ್ಲಿಸಿಯೇಬಿಟ್ಟಳು.

"ಇಲ್ಲಿ ಯಾಕಮ್ಮ ನಿಲ್ಲಿಸಿದ್ರಿ?"

"ಅಭ್ಯಾಸ ಸಾರ್... ಇಲ್ಲಿ ಚೆನ್ನಾಗಿರುತ್ತೆ."

"ಪೆಟ್ರೋಲಾ?"

ಅವಳು ಕನ್ನಡಿಯಲ್ಲಿ ಗಂಡನನ್ನು ನೋಡಿದಳು. ಗಂಡ ಕಿಟಕಿಯಾಚೆ ಮೋಡ ನೋಡಿದರು. ಏನು ಮಾಡುವುದು, ಪಾಠದ ದಾರಿಯನ್ನೆಲ್ಲ ಅವರು ಶೌಚಾಲಯದಿಂದ ಶೌಚಾಲಯಕ್ಕೆ ಹೊಲಿದಿಟ್ಟಿದ್ದರು. ಲೈಬ್ರರಿಯವರ ಪರಿಚಯವಾದದ್ದೂ ಮೇಷ್ಟ್ರು ಒಳಗೆ ಹೋದಾಗಲೆಲ್ಲ ಅವಳು ಹೊರಗೆ ಕಾದು ಕಾದು!

"ಇನ್ನೊಂದು ಸಲ ನಾನು ಹೇಳದೆ ನಿಲ್ಲಿಸಿದ್ರೆ ಫೇಲ್!" ಎಂದರು ಇನ್ಸ್‌ಪೆಕ್ಟರು.

ಲೈಬ್ರರಿ ಬಂದಾಗ ಅವಳು ತುಟಿ ಕಚ್ಚಿಕೊಂಡು ಮುಂದೆ ಹೋದಳು. ಆಗ ಕಾರಿನೊಳಗೆ ಸದ್ದಾಯಿತು. ಗುರ್ರ್ರ್...

ಅವಳ ಕಣ್ಣು ಕನ್ನಡಿಗೆ ಹೋಯಿತು. "ರೀ, ಇವತ್ತೂನಾ?"

"ನಂದಲ್ಲ ಕಣೇ!" ಮೇಷ್ಟ್ರು ಎರಡೂ ಕೈ ಎತ್ತಿದರು.

ಇನ್ಸ್‌ಪೆಕ್ಟರ ಹಣೆಯಲ್ಲಿ ಬೆವರು. ಬೆಲ್ಟು ಸಡಿಲವಾಗಿತ್ತು. "ಅಮ್ಮಾ... ಇಲ್ಲೆಲ್ಲಾದರೂ ಹತ್ತಿರದಲ್ಲಿ..."

"ಗಟ್ಟಿಯಾಗಿ ಹಿಡ್ಕೊಳ್ಳಿ ಸಾರ್!"

ಯಾವುದನ್ನು ಎಂದು ಅವರು ಕೇಳಲಿಲ್ಲ. ಅವಳು ಅಕ್ಕಪಕ್ಕ ನೋಡಿ, ಗಾಡಿಯನ್ನು ಹಿಂದಕ್ಕೆ ತಿರುಗಿಸಿ, ಲೈಬ್ರರಿಯ ಹಿತ್ತಿಲಲ್ಲಿ ಎರಡು ವ್ಯಾನುಗಳ ನಡುವಿನ ಸಂದಿಗೆ ರಿವರ್ಸಿನಲ್ಲಿ ಒಂದೇ ಏಟಿಗೆ ನುಗ್ಗಿಸಿದಳು. "ಎಡಗಡೆ ಎರಡನೇ ಬಾಗಿಲು! ಚಿಲಕ ಬಿಗಿ, ಮೇಲಕ್ಕೆತ್ತಿ ತಳ್ಳಿ!"

ಸ್ವಲ್ಪ ಹೊತ್ತಿಗೆ ಹಿಂದಿರುಗಿ ಸೀಟಿನಲ್ಲಿ ಕೂತ ಇನ್ಸ್‌ಪೆಕ್ಟರ ಮುಖದಲ್ಲಿ ಲೋಕವನ್ನೇ ಕ್ಷಮಿಸಿದ ಕಳೆ. "ಪಾಸ್!" ಎಂದರು. ಹೆಂಡತಿಯ ಕಣ್ಣು ತುಂಬಿ ಬಂತು. ಪಕ್ಕದಲ್ಲೇ ನಿಂತಿದ್ದ ಪುಸ್ತಕದ ವ್ಯಾನನ್ನು ನೋಡಿ ಮೂಗೊರೆಸಿಕೊಂಡಳು. "ಹೀಗೆ ರಿವರ್ಸ್ ಹಾಕೋರನ್ನ ನಾನು ಕಂಡಿಲ್ಲ," ಎಂದರು ಇನ್ಸ್‌ಪೆಕ್ಟರು. "ಯಾರಮ್ಮ ಕಲಿಸಿದ್ದು?"

"ನಾನೇ ಸಾರ್!" ಮೇಷ್ಟ್ರು ಎದೆಯುಬ್ಬಿಸಿದರು.

"ಅವರ ಹೊಟ್ಟೆ ಸಾರ್," ಎಂದಳು ಹೆಂಡತಿ.

ಮೇಷ್ಟ್ರು ಅದನ್ನು ಕಿವಿಗೆ ಹಾಕಿಕೊಳ್ಳದೆ ಜೇಬಿನಿಂದ ಹೊಸ ಮಾತ್ರೆಯ ಪಟ್ಟಿ ತೆಗೆದರು. "ನಿಮ್ಮ ಡಾಕ್ಟ್ರಿಗೆ ಈ ಹೆಸರು ಹೇಳಿ ಸಾರ್! ಬೆಳಿಗ್ಗೆ ಒಂದು ನುಂಗಿದೆ, ನೋಡಿ, ಬಂಡೆ ಥರ ಕೂತಿದೀನಿ!"

ಇನ್ಸ್‌ಪೆಕ್ಟರು ಅದನ್ನು ತಿರುಗಿಸಿ ನೋಡಿದರು. ಆಮೇಲೆ ತಮ್ಮ ಜೇಬಿಗೆ ಕೈ ಹಾಕಿ ಒಂದು ಪಟ್ಟಿ ತೆಗೆದು ಪಕ್ಕದಲ್ಲಿ ಹಿಡಿದರು. ಅದೇ ಬಣ್ಣ, ಅದೇ ಹೆಸರು. ಅದರಲ್ಲೂ ಒಂದೇ ಮಾತ್ರೆ ಖಾಲಿ.

"ನಾನೂ ಇವತ್ತು ಬೆಳಿಗ್ಗೆನೇ ಶುರು ಮಾಡಿದ್ದು ಮೇಷ್ಟ್ರೇ," ಎಂದರು.

ಗುರ್ರ್ರ್!

ಈ ಸಲ ಸದ್ದು ಹಿಂದಿನ ಸೀಟಿನದು. ಹೆಂಡತಿ ಬೀಗದ ಕೈ ತಿರುಗಿಸಲು ಹೋದವಳು ಸುಮ್ಮನೆ ಕೈ ಹಿಂದೆ ತೆಗೆದುಕೊಂಡಳು. ಇನ್ಸ್‌ಪೆಕ್ಟರೇ ಇಳಿದು, ಮೇಷ್ಟ್ರಿಗೆ ಮರ್ಯಾದೆಯಿಂದ ಬಾಗಿಲು ತೆಗೆದುಕೊಟ್ಟರು.

"ಎಡಗಡೆ ಎರಡನೇದು ಮೇಷ್ಟ್ರೇ. ಚಿಲಕ ಮೇಲಕ್ಕೆತ್ತಿ ತಳ್ಳಿ!"