ಹಲಸೂರಿನ ತಟಸ್ಥ ದೇಶ

ನಮ್ಮ ಅತ್ತೆಯನ್ನು ಮನುಷ್ಯರೆಂದು ತಿಳಿಯುವುದು ತಪ್ಪು. ಅವರು ಒಂದು ತಟಸ್ಥ ದೇಶ! ಹಲಸೂರಿನ ಎರಡು ಕೋಣೆಯ ಬಾಡಿಗೆ ಮನೆಯೇ ಅದರ ಭೂಪ್ರದೇಶ.

ಅತ್ತೆ ಅಪ್ಪನ ಅಕ್ಕ. ನಿವೃತ್ತಿಯವರೆಗೂ ಹೊರದೇಶದಲ್ಲಿ ದುಭಾಷಿಯಾಗಿದ್ದರು. ಕಾದಾಡುವ ನೆರೆ ದೇಶಗಳನ್ನು ಮೂರನೆಯ ದೇಶವೊಂದು ಸಂಧಾನಕ್ಕೆ ಕರೆಯುತ್ತದಲ್ಲ? ಮುಖ ನೋಡಲೊಪ್ಪದ ಎರಡು ಕಡೆಯವರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸುತ್ತದಲ್ಲ? ಆ ಕೋಣೆಗಳ ನಡುವೆ ಮಾತು ಹೊತ್ತು ಓಡಾಡಿದವರು ಇವರು. ಈಗಲೂ ಟೀವಿಯಲ್ಲಿ ಯುದ್ಧದ ಸುದ್ದಿ ಬಂದರೆ ರೇಗುತ್ತಾರೆ: "ಆಗ್ಲೇ ಕೈ ಕುಲುಕಿಸ್ತಿದಾರೆ ನೋಡು, ಪೆದ್ದುಗಳು! ಮೊದ್ಲು ಊಟಕ್ಕೆ ಹಾಕ್ಬೇಕು!"

ಅವರಿಗೆ ನಮ್ಮ ಮನೆಯಲ್ಲೇ ಒಂದು ಯುದ್ಧ ಸಿಕ್ಕಿತು. ಕುಕ್ ಟೌನಿನಲ್ಲಿ ಅಪ್ಪ, ದೊಡ್ಡಪ್ಪ ಅಕ್ಕಪಕ್ಕದ ಮನೆಯವರು. ನಡುಗೋಡೆಯಲ್ಲೊಂದು ಚಿಕ್ಕ ಗೇಟು. ನುಗ್ಗೆ ಮರ ನಮ್ಮದು, ಕಾಯಿ ಬಿಡುವ ಕೊಂಬೆ ಅವರತ್ತ. ಅಪ್ಪ ಕೊಂಬೆ ಕಡಿಸಿದರು. ಅದು ದೊಡ್ಡಪ್ಪನ ಸ್ಕೂಟರಿನ ಮೇಲೆ ಬಿತ್ತು. ಕೂಗಾಟವಾಯಿತು. ಅಪ್ಪ ಗೇಟಿಗೆ ಬೀಗ ಜಡಿದರು.

ಅತ್ತೆ ಇಬ್ಬರನ್ನೂ ಹಲಸೂರಿಗೆ ಕರೆಸಿ, ಒಂದೊಂದು ಕೋಣೆಯಲ್ಲಿ ಕೂರಿಸಿ, ಇಬ್ಬರಿಗೂ ಇಷ್ಟವಿಲ್ಲದ ಉಪ್ಪಿಟ್ಟು ಬಡಿಸಿದರು. ಸಮಾನ ಅತೃಪ್ತಿಯೇ ಶಾಂತಿಯ ಅಡಿಪಾಯವಂತೆ! ಸಂಜೆಯ ಹೊತ್ತಿಗೆ ಎರಡೂ ಕಡೆ ಒಪ್ಪಿದ್ದು ಒಂದೇ ಅಂಶ: ಉಪ್ಪಿಟ್ಟು ಚೆನ್ನಾಗಿರಲಿಲ್ಲ.

ಆಮೇಲೆ ಅತ್ತೆಯೇ ಮನೆಯಿಂದ ಮನೆಗೆ ಓಡಾಡತೊಡಗಿದರು. ನನ್ನ ಮೈ ಜುಮ್ಮೆನ್ನತೊಡಗಿದ್ದು ಆಗಲೇ. ದುಭಾಷಿಯಾದವರು "ಅವರು ಹೀಗಂದರು" ಎನ್ನಕೂಡದಂತೆ. ಮಾತು ಯಾರದೋ ಅವರೇ ಆಗಿಬಿಡಬೇಕಂತೆ. ಅತ್ತೆ ನಮ್ಮ ನಡುಮನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಗಂಟಲು ಕೆರೆದು, ದೊಡ್ಡಪ್ಪನ ಗೊಗ್ಗರು ದನಿಯಲ್ಲಿ ಶುರುಮಾಡುವರು: "ಲೋ ಪುಟ್ಟ, ನನ್ ಸ್ಕೂಟರ್ ನಿಂಗೇನೋ ಮಾಡಿತ್ತು?" ಗೋಡೆಯಾಚೆ ದೊಡ್ಡಪ್ಪನ ನಾಯಿ ಕುಂಯ್‌ಗುಡುತ್ತಾ ಗೇಟು ಕೆರೆಯುತ್ತಿತ್ತು. ನಿಜವಾದ ದೊಡ್ಡಪ್ಪ ಅದರ ಪಕ್ಕದಲ್ಲೇ ಕೂತಿದ್ದರೂ!

"ಅಕ್ಕ, ನಿನ್ ದನೀಲೇ ಹೇಳ್ಬಾರ್ದಾ?" ಅಪ್ಪ ಬೆವರೊರೆಸಿಕೊಳ್ಳುತ್ತಿದ್ದರು.

"ನಂಗೆಲ್ಲೋ ದನಿ? ನಾನು ತಟಸ್ಥ."

ಈ ಮಳೆಗಾಲದಲ್ಲಿ ದೊಡ್ಡಪ್ಪ ತೀರಿಕೊಂಡರು. ಅಪ್ಪ ಆ ಮನೆಗೆ ಹೋದರು, ಆದರೆ ಬೀದಿಯಿಂದ ಸುತ್ತಿಕೊಂಡು. ಬೀಗ ಹಾಗೆಯೇ ಇತ್ತು. ಕಾರ್ಯಗಳೆಲ್ಲ ಮುಗಿದ ಮರುದಿನ ಸಂಜೆ ಅತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತರು.

"ಆಸ್ಪತ್ರೇಲಿ ಅವನು ಹೇಳಿದ್ ಮಾತೊಂದು ನನ್ ಹತ್ರ ಉಳ್ಕೊಂಡಿದೆ. ಬೇಕಾ?"

ಅಪ್ಪ ಬೇಕೆಂದು ತಲೆಯಾಡಿಸಿದರು. ದೀಪ ಹಾಕಲು ಎದ್ದ ನಾನು ಸ್ವಿಚ್ಚಿನ ಮುಂದೆಯೇ ನಿಂತುಬಿಟ್ಟೆ. ಕತ್ತಲಲ್ಲಿ ಗಂಟಲು ಕೆರೆದ ಸದ್ದು.

"ಲೋ ಪುಟ್ಟ, ಮರ ಹಾಳಾಗ್ಲಿ. ಗೇಟ್ ತೆಗ್ಯೋ. ಸುತ್ಕೊಂಡ್ ಬರಕ್ಕೆ ನನ್ ಕೈಲಾಗ್ತಿಲ್ಲ."

ಗೋಡೆಯಾಚೆ ನಾಯಿ ಗೇಟು ಕೆರೆಯತೊಡಗಿತು.

ಅಪ್ಪ ಎದ್ದು ಹೋಗಿ ಬೀಗ ತೆಗೆದರು. ನಾಯಿ ಒಳನುಗ್ಗಿ ಅತ್ತೆಯ ಕುರ್ಚಿಯ ಸುತ್ತ ಮೂಸಿ ಮೂಸಿ ಹುಡುಕಿ, ಕೊನೆಗೆ ಅವರ ಪಾದದ ಮೇಲೆ ತಲೆಯಿಟ್ಟಿತು. ಅಪ್ಪ ಬಾಗಿಲಲ್ಲೇ ನಿಂತು ತಡವರಿಸಿದರು: "ಗೇಟ್ ತೆಗ್ದಿದೀನಿ, ಬಂದ್ಬಿಡು ಅಣ್ಣ ಅಂತ... ಹೇಳ್ತೀಯಾ ಅಕ್ಕ?"

ಅತ್ತೆ ಎದ್ದು ಆ ಗೇಟು ದಾಟಿ ಹೋಗುತ್ತಾರೆಂದೂ, ಉತ್ತರ ತಂದೇ ತರುತ್ತಾರೆಂದೂ ನಾನು ಸ್ವಿಚ್ಚಿನ ಬಳಿಯೇ ಕಾದಿದ್ದೆ. ಅವರು ಏಳಲಿಲ್ಲ. ನಾಯಿಯ ಕಿವಿ ಸವರುತ್ತಾ, ನಾನೆಂದೂ ಕೇಳಿರದ ಒಂದು ಸಣ್ಣ ದನಿಯಲ್ಲಿ ಅಂದರು:

"ನಂಗೂ ಅವನು ಅಣ್ಣ ಕಣೋ."