ಕಾರ್ಡಿನ ಕೊನೆಯ ಸಾಲು

ಗಡಿಯಾರ ರಿಪೇರಿಯವನ ಕಷ್ಟವೆಲ್ಲ ಶುರುವಾದದ್ದು ಒಂದು ಕಾರ್ಡಿನಿಂದ. ಮನೆ ಕೊಳ್ಳುವವನು ನೋಡಬೇಕಾದ ಆರು ಸಂಗತಿಗಳನ್ನು ಪಕ್ಕದ ಕನ್ನಡಕದಂಗಡಿಯವನು ಅದರ ಮೇಲೆ ಬರೆದುಕೊಟ್ಟಿದ್ದ. ಈ ಮಹಾನುಭಾವ ಹನ್ನೊಂದು ಜನಕ್ಕೆ ಮನೆ ಕೊಡಿಸಿ ತಾನು ಮಾತ್ರ ಇಂದಿಗೂ ಬಾಡಿಗೆ ಮನೆಯಲ್ಲಿರುವವನು. ಬೀದಿಯವರು ಅವನಿಗೆ ಸಲಹೆ ಮಾಮ ಎಂದೇ ಹೆಸರಿಟ್ಟಿದ್ದರು. ಕಣ್ಣು ಪರೀಕ್ಷೆಯ ಹಲಗೆ ಬರೆದು ಬರೆದು ಅವನ ಕೈ ಅದಕ್ಕೇ ಒಗ್ಗಿಹೋಗಿತ್ತು. ಮೊದಲ ಸಾಲಿನ ಅಕ್ಷರ ಹೆಬ್ಬೆರಳಿನಷ್ಟು. ಇಳಿಯುತ್ತ ಇಳಿಯುತ್ತ ಆರನೆಯ ಸಾಲು ಇರುವೆ ಸಾಲಿನಂತಾಗಿತ್ತು.

"ಕೊನೇದು ಓದೋಕಾಗ್ತಿಲ್ವಲ್ಲ ಮಾಮ."

"ಕನ್ನಡಕ ಬೇಕಯ್ಯಾ ನಿಂಗೆ. ನಾಳೆ ಬಾ, ಮಾಡ್ಕೊಡ್ತೀನಿ. ಮೇಲಿನ ಐದು ಸರಿಯಾಗಿ ನೋಡಿದ್ರೆ ಸದ್ಯಕ್ಕೆ ಸಾಕು."

ನಾಳೆಯವರೆಗೆ ಕಾಯುವಂತಿರಲಿಲ್ಲ. ಆರು ವರ್ಷದಿಂದ ಗಡಿಯಾರದವನು ಹೆಂಡತಿಯ ಅಣ್ಣನ ಮನೆಯ ಮಹಡಿ ಕೋಣೆಯಲ್ಲಿದ್ದ. ಅಲ್ಲಿ ಅವನು ಒಂದು ದಿನವೂ ಬಾಯಿ ತುಂಬ ಕೆಮ್ಮಿದವನಲ್ಲ. ನಿನ್ನೆ ಊಟದ ಹೊತ್ತಿಗೆ ಭಾವ, "ನಲ್ಲಿ ಯಾರು ಬಿಟ್ಟು ಬಂದಿದ್ದು?" ಎಂದು ಎಲ್ಲರೆದುರು ಕೇಳಿದಾಗ, "ನಾಳೆ ಸಂಜೆಯೊಳಗೆ ನಮ್ಮ ಸ್ವಂತ ಮನೆಗೆ ಹೋಗ್ತೀವಿ ಭಾವ" ಎಂಬ ಮಾತು ಬಾಯಿಂದ ಜಾರಿಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಳಿಗ್ಗೆ ನೋಡಿದರೆ ಹೆಂಡತಿ ಹೊಲಿಗೆ ಮೆಷಿನ್ನಿಗೆ ಹಳೆ ಸೀರೆ ಸುತ್ತಿ ಬಾಗಿಲ ಬಳಿ ಇಟ್ಟಿದ್ದಳು.

"ಈ ಸಲ ಮಾತು ತಪ್ಪಿದ್ರೆ ಅಣ್ಣನಿಗೆ ನೀವೇ ಮುಖ ತೋರಿಸ್ಬೇಕು. ನನ್ನ ಕೈಲಾಗಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಬ್ರೋಕರ್ ತೋರಿಸಿದ್ದು ಜೋಡಿ ಮನೆ. ಒಂದೇ ಸೂರು, ಎಡಕ್ಕೆ ನೀಲಿ ಬಾಗಿಲು, ಬಲಕ್ಕೆ ಹಸಿರು ಬಾಗಿಲು. ನೀಲಿ ಬಾಗಿಲಿನ ಮನೆ ಇವನಿಗೆ, ಹಸಿರಿಗೆ ಬೇರೆ ಯಾರೋ ಗಿರಾಕಿ. ಬ್ರೋಕರ್ ಬೀಗ ತೆಗೆದು ಹೊಸ್ತಿಲ ಹೊರಗೇ ನಿಂತ.

"ಒಳಗೆಲ್ಲ ನೀವೇ ನೋಡ್ಕೊಳ್ಳಿ ಸಾರ್. ನಾನಿದ್ರೆ ನಿಮಗೆ ಸಂಕೋಚ."

ಹಗಲಲ್ಲಿ ಒಬ್ಬನೇ ಹೋಗು ಎಂದು ಕಾರ್ಡಿನ ಮೊದಲ ಸಾಲಿನಲ್ಲೇ ಇದ್ದುದರಿಂದ ಅವನಿಗೆ ಅದು ಒಳ್ಳೆಯದೇ ಅನಿಸಿತು. ಎರಡನೆಯ ಸಾಲಿನಂತೆ ನಲ್ಲಿಗಳನ್ನು ತಿರುಗಿಸಿದ, ನೀರು ಬಂತು. ಮೂರನೆಯದು, ಹೊಸ ಬಣ್ಣ ಎಲ್ಲಿದೆ ನೋಡು. ನಡುಮನೆಯ ಮೂರು ಗೋಡೆ ಹಳೆಯವು, ಹಸಿರು ಮನೆಯ ಕಡೆಯ ಗೋಡೆ ಮಾತ್ರ ಹೊಸ ಸುಣ್ಣದಿಂದ ಬೆಳ್ಳಗಿತ್ತು. ನಾಲ್ಕನೆಯದು, ಕಾಗದ ನಂಬಬೇಡ, ಟೇಪು ಹಿಡಿ. ಕಾಗದದಲ್ಲಿ ಅಗಲ ಇಪ್ಪತ್ತಡಿ. ಟೇಪಿನಲ್ಲಿ ಹದಿನೇಳು.

"ಮೂರಡಿ ಕಡಿಮೆ ಇದೆಯಲ್ರೀ" ಎಂದು ಕೂಗಿದ.

"ಗೋಡೆ ದಪ್ಪ ಸಾರ್" ಎಂದಿತು ಹೊರಗಿನ ದನಿ. "ಈಗಿನ ಕಾಲದಲ್ಲಿ ಅಂಥ ಗೋಡೆ ಎಲ್ಲಿ ಸಿಗುತ್ತೆ?"

ಐದನೆಯದು, ಗೋಡೆ ತಟ್ಟಿ ನೋಡು. ಅವನು ಬೆರಳು ಮಡಚಿ ಗೋಡೆಯ ಹತ್ತಿರ ಒಯ್ದ. ಇನ್ನೂ ಮುಟ್ಟಿರಲಿಲ್ಲ. ಗೋಡೆಯೊಳಗಿಂದ ಟಕ್, ಟಕ್, ಟಕ್ ಎಂದಿತು.

ಕರೆದವರಿಗೆ ಓಗೊಡುವುದು ಅವನ ಸ್ವಭಾವ. ಯೋಚಿಸುವ ಮೊದಲೇ ಕೈ ಮೂರು ಸಲ ತಟ್ಟಿಬಿಟ್ಟಿತ್ತು. ಆಮೇಲೆ ಒಳಗಿಂದ ನಾಲ್ಕು ಬಡಿತ, ನಿಧಾನವಾಗಿ, ಒಂದೊಂದಕ್ಕೂ ಒಂದೇ ಅಂತರ. ಮೂವತ್ತು ವರ್ಷ ಗಡಿಯಾರ ಕೇಳಿದ ಕಿವಿಗೆ ಆ ಲೆಕ್ಕ ತಪ್ಪುವುದಿಲ್ಲ. ಅಂಗೈಯನ್ನು ಗೋಡೆಗಿಟ್ಟ. ಉಳಿದ ಗೋಡೆಗಳು ತಣ್ಣಗಿದ್ದವು, ಇದು ಮಾತ್ರ ಯಾರೋ ಇಷ್ಟು ಹೊತ್ತು ಒರಗಿ ಕೂತು ಎದ್ದಂತೆ ಬೆಚ್ಚಗಿತ್ತು. ಟೇಪನ್ನು ಸುತ್ತದೆ ಎಳೆದುಕೊಂಡೇ ಅವನು ಹೊರಗೆ ಬಂದ.

ಅಂಗಡಿಗೆ ಬಂದು ಕೂತವನು ಒಂದೇ ಗಡಿಯಾರವನ್ನು ಎರಡು ಸಲ ಬಿಚ್ಚಿ ಎರಡು ಸಲ ಮುಚ್ಚಿದ. ಸಲಹೆ ಮಾಮ ಬಗ್ಗಿ ನೋಡಿದ.

"ಗೋಡೆ ತಟ್ಟಿದೆಯೇನಯ್ಯಾ?"

"ತಟ್ಟಿದೆ ಮಾಮ. ಉತ್ತರ ಬಂತು."

"ಬರ್ಲೇಬೇಕು. ಸದ್ದು ಬರದೇ ಇರೋ ಗೋಡೆ ನಂಬಬಾರದು" ಎಂದು ಮಾಮ ತೃಪ್ತಿಯಿಂದ ಒಳಗೆ ಹೋದ.

ಮಧ್ಯಾಹ್ನ ಬ್ರೋಕರ್ ಬಂದಾಗ ಇವನಿಗೆ ದೆವ್ವ ಎನ್ನುವ ಪದ ನಾಲಿಗೆಗೆ ಬರಲಿಲ್ಲ. ಐವತ್ತು ದಾಟಿದವನು ಹಾಡಹಗಲಲ್ಲಿ ಹೆದರಿದ ಎಂದರೆ ಭಾವನ ಕಿವಿಗೆ ಮುಟ್ಟದೆ ಇರುತ್ತದೆಯೇ?

"ಆ ಮನೇಲಿ ಗಾಳಿ ಸಾಲದು" ಎಂದ.

ಬ್ರೋಕರ್ ಮುಖ ಅರಳಿತು. "ಹಸಿರು ಬಾಗಿಲಿನ ಗಿರಾಕಿ ಈಗ ತಾನೇ ಗಾಳಿ ಜಾಸ್ತಿ ಅಂತ ಬೇಡ ಅಂದ್ರು ಸಾರ್. ಅದನ್ನ ನೀವು ತಗೊಳ್ಳಿ, ಇದನ್ನ ಅವ್ರಿಗೆ ಕೊಡೋಣ. ಬೆಲೆ ಒಂದೇ."

ದೆವ್ವ ಇದ್ದುದು ನೀಲಿ ಬಾಗಿಲಿನ ಮನೆಯಲ್ಲಿ. ಹಸಿರಿಗೂ ಅದಕ್ಕೂ ಏನು ಸಂಬಂಧ ಎಂದು ಗಡಿಯಾರದವನು ತನಗೆ ತಾನೇ ಹೇಳಿಕೊಂಡ. ನೀರಿನಲ್ಲಿ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಈ ಸಲ ಒಳಗೆ ಹೋದವನು ನಲ್ಲಿ ತಿರುಗಿಸಿದ, ಟೇಪು ಹಿಡಿದ, ಅಲ್ಲೂ ಹದಿನೇಳೇ ಬಂತು, ಸುಮ್ಮನಾದ. ಗೋಡೆಯ ತಂಟೆಗೆ ಹೋಗಲಿಲ್ಲ. ಮೂರು ಗಂಟೆಗೆ ರುಜು ಹಾಕಿದ. ಆರು ವರ್ಷ ಕೂಡಿಟ್ಟದ್ದೆಲ್ಲ ಆ ಒಂದು ರುಜುವಿನಲ್ಲಿ ಹೋಯಿತು.

ಸಾಮಾನಿನ ಗಾಡಿ ಬೀದಿ ತಿರುಗುವ ಮೊದಲೇ ಭಾವ ಮಹಡಿ ಕೋಣೆಗೆ ಹೊಸ ಬಾಡಿಗೆಯವರನ್ನು ಹತ್ತಿಸಿಯಾಗಿತ್ತು. ಇರಲಿ ಬಿಡು ಎಂದುಕೊಂಡ. ಹೊಸ ಮನೆಯಲ್ಲಿ ಹೆಂಡತಿ ಮೆಷಿನ್ನನ್ನು ಕಿಟಕಿ ಪಕ್ಕ ಇಟ್ಟು ಅದರ ಮೇಲೆ ಎರಡು ಸಲ ಕೈಯಾಡಿಸಿದಳು. ಅದನ್ನು ನೋಡಿ ಅವನು ಬೇಕೆಂದೇ ಒಮ್ಮೆ ಜೋರಾಗಿ ಕೆಮ್ಮಿದ. ಯಾರೂ ಏನೂ ಅನ್ನಲಿಲ್ಲ.

ಸಂಜೆ ಹೊತ್ತಿಗೆ ನೀಲಿ ಬಾಗಿಲಿನವರು ಪರಿಚಯ ಮಾಡಿಕೊಳ್ಳಲು ಬಂದರು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಗಡಿಯಾರದವನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದಳು. ಮೇಷ್ಟ್ರ ಜೇಬಿನಿಂದ ಒಂದು ಕಾರ್ಡು ಇಣುಕುತ್ತಿತ್ತು. ಮೇಲಿನ ಸಾಲು ಹೆಬ್ಬೆರಳಿನಷ್ಟು.

"ನಿಮಗೂ ಸಲಹೆ ಮಾಮನೇನಾ?"

"ಅವನೇ ಸ್ವಾಮಿ. ಕೊನೇ ಸಾಲಿಗೆ ನಾಳೆ ಬಾ ಅಂದಿದಾನೆ."

"ಹಾಗಾದ್ರೆ ಬೆಳಿಗ್ಗೆ ಆ ಕಡೆಯಿಂದ ಗೋಡೆ ತಟ್ಟಿದ್ದು ನೀವೇ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಳಿ ಸಾಲದೆ ಹೋದದ್ದಕ್ಕೂ, ಗಾಳಿ ಜಾಸ್ತಿಯಾದದ್ದಕ್ಕೂ ನಕ್ಕರು. ಮೇಷ್ಟ್ರು ಕಣ್ಣೊರೆಸಿಕೊಂಡು, "ಏನೇ ಅನ್ನಿ, ನೀವು ಹಾಗೆ ಇದ್ದಕ್ಕಿದ್ದ ಹಾಗೆ ಮೂರು ಸಲ ತಟ್ಟಿದಾಗ ನನ್ನ ಜೀವ ಹೋಗಿ ಬಂತು" ಎಂದರು.

"ನಾನೆಲ್ಲಿ ತಟ್ಟಿದೆ ಮೇಷ್ಟ್ರೇ? ನೀವು ತಟ್ಟಿದ್ರಿ, ನಾನು ಉತ್ತರ ಕೊಟ್ಟೆ."

"ಇಲ್ಲಪ್ಪ. ಉತ್ತರ ಕೊಟ್ಟಿದ್ದು ನಾನು."

ನಗು ಅಲ್ಲಿಗೇ ನಿಂತಿತು. ಮೇಷ್ಟ್ರು ಕಾರ್ಡು ತಿರುಗಿಸಿ ಪೆನ್ಸಿಲ್ಲಿನಿಂದ ಎರಡು ಚೌಕ ಬರೆದರು.

"ನಂದು ಒಳಗಡೆ ಹದಿನೇಳಡಿ. ನಿಮ್ಮದು?"

"ಹದಿನೇಳೇ."

"ಹೊರಗಿಂದ ನಾನೇ ಅಳೆದಿದೀನಿ, ಎರಡೂ ಸೇರಿ ನಲವತ್ತು. ಗೋಡೆಗಳಿಗೆ ಎರಡಡಿ ಬಿಡಿ." ಪೆನ್ಸಿಲ್ಲು ಎರಡು ಚೌಕಗಳ ನಡುವೆ ಬಂದು ನಿಂತಿತು. ಅಲ್ಲಿ ನಾಲ್ಕಡಿ ಅಗಲದ ಒಂದು ಕೋಣೆ ತಾನಾಗಿ ಮೂಡಿತ್ತು. ಬಾಗಿಲು ಎಲ್ಲಿ ಬರೆಯಬೇಕೆಂದು ಮೇಷ್ಟ್ರಿಗೆ ತಿಳಿಯಲಿಲ್ಲ.

ಬೆಳಿಗ್ಗೆಯಿಂದ ಹೊಳೆಯದ ಉಪಾಯವೊಂದು ಗಡಿಯಾರದವನಿಗೆ ಆಗ ಹೊಳೆಯಿತು. ಎದುರಿಗಿದ್ದ ಸಾಮಾನಿನ ಪೆಟ್ಟಿಗೆಯಿಂದ ತನ್ನ ರಿಪೇರಿ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಕಾರ್ಡಿನ ಆರನೆಯ ಸಾಲನ್ನು ಒಂದೊಂದೇ ಅಕ್ಷರವಾಗಿ ಓದಿದ.

"ಎಲ್ಲಕ್ಕಿಂತ ಮುಖ್ಯ: ಪಕ್ಕದಲ್ಲಿ ಯಾರಿದ್ದಾರೆ ಅಂತ ಮೊದಲು ವಿಚಾರಿಸು."

ಟಕ್, ಟಕ್, ಟಕ್.

ಇಬ್ಬರೂ ಅಲುಗಾಡಲಿಲ್ಲ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ಆರು ವರ್ಷದಲ್ಲಿ ಅದು ಅಷ್ಟು ಗೆಲುವಾಗಿ ಕೇಳಿಸಿದ್ದೇ ಇಲ್ಲ.

"ರೀ, ಯಾರೋ ಬಡೀತಿದ್ದಾರೆ ನೋಡಿ. ಪಕ್ಕದವರೇ ಇರ್ಬೇಕು, ಒಳಗೆ ಕರೀರಿ."